ಅಮೆರಿಕದ ಯೂರೋಪೀಯ ವಲಸೆಗಾರರೂ ಅವರ ಶಾಲೆಗಳೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳು ವಲಸೆಗಾರರ ನಾಡೆಂಬುದನ್ನು ನಮ್ಮ ಎಂಟನೆಯ ತರಗತಿಯ ಹುಡುಗನೂ ಬಲ್ಲ. ಆ ನೆಲದ ಮೂಲನಿವಾಸಿಗಳನ್ನು ಬಿಟ್ಟರೆ ಉಳಿದವರೆಲ್ಲ ಒಂದಲ್ಲ ಒಂದು ಕಾಲದಲ್ಲಿ ಹೊರಗಿನಿಂದ ಬಂದವರು, ಇಲ್ಲವೆ ಸಂಕೋಲೆ ತೊಡಿಸಿ ತಂದವರ ಸಂತತಿಯವರು. ಹೀಗಿದ್ದೂ ಮೊದಲು ಬಂದವರು ಅನಂತರ ಬಂದವರನ್ನು ಸಂಶಯದಿಂದ ಕಂಡುದೇ ಅಲ್ಲಿಯ ಚರಿತ್ರೆಯ ಒಂದು ದೊಡ್ಡ ಅಧ್ಯಾಯವಾಗಿದೆ. ಈ ಸಂಶಯಕ್ಕೆ ಗುರಿಯಾದವರು ಕರಿಯರೂ ಏಷ್ಯದವರೂ ಮಾತ್ರವೆಂದು ನಮ್ಮಲ್ಲಿ ಹಲವರ ತಿಳಿವಳಿಕೆ. ವಾಸ್ತವವಾಗಿ ಯೂರೋಪಿನಿಂದ ಹೋದ ಜರ್ಮನರು, ಐರಿಷರು, ಇಟಲಿಯವರು, ಪೋಲೆಂಡಿನವರು, ಯೆಹೂದ್ಯರು ಇವರೆಲ್ಲರೂ ಅದರ ಪೆಟ್ಟು ತಿಂದವರೇ. ಈ ವಿಷಯ ವಿಶಾಲವಾದುದು. ಪ್ರಕೃತ ಲೇಖನದಲ್ಲಿ ಅದರ ಒಂದು ಮುಖವನ್ನು, ಅಧ್ಯಾಪಕರಾದ ನಮಗೆ ಹತ್ತಿರವಾದ ಮುಖವನ್ನು, ಮುಖ್ಯವಾಗಿ ವಿವರಿಸಲಾಗಿದೆ. ಸಂಶಯವು ಹುಟ್ಟುವುದು ಸಂತೆಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ, ಅದು ಬೆಳೆದು ಬಂದು ನಿಲ್ಲುವುದು ಶಾಲೆಯ ಬಾಗಿಲಲ್ಲಿ. ಮಕ್ಕಳು ಯಾವ ಭಾಷೆಯಲ್ಲಿ ಓದಬೇಕು, ಯಾವ ಪ್ರಾರ್ಥನೆ ಹೇಳಬೇಕು ಎಂಬ ಪ್ರಶ್ನೆಯ ಸುತ್ತಲೇ ಅಲ್ಲಿ ಪುನಃಪುನಃ ಕಲಹವೆದ್ದಿತು.

ಮೊದಲ ಉದಾಹರಣೆ ಸ್ವಾತಂತ್ರ್ಯಪೂರ್ವ ಕಾಲದ್ದು. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಕ್ಕೆ ಜರ್ಮನ್ ರೈತರು ಸಾವಿರಗಟ್ಟಲೆಯಾಗಿ ಬಂದು ನೆಲಸಿದರು. ಆ ಪ್ರಾಂತದ ಶ್ರೇಷ್ಠ ಪುರುಷ ಬೆಂಜಮಿನ್ ಫ್ರಾಂಕ್ಲಿನ್ ವಿಜ್ಞಾನಿ, ಮುದ್ರಕ, ರಾಜನೀತಿಜ್ಞ. ಇದೇ ಫ್ರಾಂಕ್ಲಿನ್ 1732ರಲ್ಲಿ ಜರ್ಮನ್ ಭಾಷೆಯ ಪತ್ರಿಕೆಯೊಂದನ್ನು ತಾನೇ ಅಚ್ಚು ಹಾಕಿದ್ದನು. ಆದರೆ 1751ರಲ್ಲಿ ಜನಸಂಖ್ಯೆಯ ಬೆಳವಣಿಗೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಈ ಜರ್ಮನರು ನಮ್ಮ ಭಾಷೆ ನಡೆನುಡಿಗಳನ್ನು ಕಲಿಯುವ ಬದಲು ನಮ್ಮನ್ನೇ ಜರ್ಮನರನ್ನಾಗಿ ಮಾಡಿಬಿಡುವರೆಂದು ಭಯಪಟ್ಟನು; ಜರ್ಮನರಲ್ಲಿ ಹೆಚ್ಚಿನವರ ಮೈಬಣ್ಣವೂ ಅವನಿಗೆ ಕಂದಾಗಿ ಕಂಡಿತು. ಇಂದು ಇದನ್ನು ಓದಿದರೆ ನಗು ಬರುತ್ತದೆ. ಭಯವೆಂಬುದು ಕಣ್ಣಿಗೆ ಎಂಥ ಬಣ್ಣ ಹಚ್ಚಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಮುಂದೆ ಜರ್ಮನ್ ಮಕ್ಕಳಿಗೆ ಇಂಗ್ಲಿಷು ಕಲಿಸುವ ಧರ್ಮಶಾಲೆಗಳನ್ನು ತೆರೆಯಲು 1750ರ ದಶಕದಲ್ಲಿ ಒಂದು ಯೋಜನೆ ಸಿದ್ಧವಾಯಿತು. ಫ್ರಾಂಕ್ಲಿನನೂ ಅದರ ಧರ್ಮದರ್ಶಿಗಳಲ್ಲೊಬ್ಬ. ಆದರೆ ಕ್ರಿಸ್ಟಫರ್ ಸೌರ್ ಎಂಬ ಜರ್ಮನ್ ಮುದ್ರಕನು, ಇದು ದಾನವಲ್ಲ, ನಮ್ಮ ಮಕ್ಕಳಿಂದ ನಮ್ಮ ನುಡಿಯನ್ನೂ ನಂಬಿಕೆಯನ್ನೂ ಬಿಡಿಸುವ ಉಪಾಯ ಎಂದು ತನ್ನ ಪತ್ರಿಕೆಯಲ್ಲಿ ಎಚ್ಚರಿಸಿದನು. ಪಾಲಕರ ವಿಶ್ವಾಸ ದೊರೆಯದೆ ಆ ಶಾಲೆಗಳು ಬಹುಕಾಲ ಬಾಳಲಿಲ್ಲ. ಗಮನಿಸಬೇಕಾದ ಅಂಶವೆಂದರೆ, ಜರ್ಮನರು ಇಂಗ್ಲಿಷನ್ನು ದ್ವೇಷಿಸಿದವರಲ್ಲ. ವ್ಯಾಪಾರಕ್ಕೂ ವ್ಯವಹಾರಕ್ಕೂ ಅದು ಬೇಕೆಂದು ಅವರು ಬಲ್ಲರು. ತಮ್ಮನ್ನು ಕೀಳೆಂದು ಬಗೆದವರ ಕೈಯಿಂದ ಅದು ಬಂದಾಗ ಮಾತ್ರ ಅವರು ಬೆನ್ನು ತಿರುಗಿಸಿದರು.

ಎರಡನೆಯ ಉದಾಹರಣೆ ಐರಿಷರದು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬಂದ ಐರಿಷರಲ್ಲಿ ಬಹುಮಂದಿ ಬಡವರು, ಕ್ಯಾಥೊಲಿಕರು. 1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಘೋರ ಕ್ಷಾಮ ಬಂದಮೇಲೆ ಅವರ ಪ್ರವಾಹ ಇಮ್ಮಡಿಸಿತು. ಆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಅಮೆರಿಕದಲ್ಲಿ ಇವರಿಗೆ ದೊರೆತುದು ಕಾಲುವೆ ತೋಡುವ, ರೈಲುಹಾದಿ ಹಾಕುವ, ಮನೆಗೆಲಸದ ದುಡಿಮೆ. ಐರಿಷರು ಅರ್ಜಿ ಹಾಕಬೇಕಾಗಿಲ್ಲವೆಂಬ ಜಾಹೀರಾತುಗಳು ಪತ್ರಿಕೆಗಳಲ್ಲಿ ಬರುತ್ತಿದ್ದುವು.

ಈ ದ್ವೇಷಕ್ಕೆ ಕಾರಣಗಳು ಮೂರು. ಒಂದು ಕೂಲಿ: ಹಸಿದವನು ಕಡಿಮೆ ಕೂಲಿಗೂ ಒಪ್ಪುತ್ತಾನೆ, ಆಗ ಮೊದಲಿದ್ದ ಕೆಲಸಗಾರನಿಗೆ ಅವನೇ ವೈರಿಯಾಗಿ ಕಾಣುತ್ತಾನೆ. ಎರಡು ಮತ: ಕ್ಯಾಥೊಲಿಕರು ರೋಮಿನ ಪೋಪರ ಆಜ್ಞಾಧಾರಕರು, ಗಣರಾಜ್ಯಕ್ಕೆ ನಿಷ್ಠರಾಗಲಾರರು ಎಂಬ ಪ್ರಾಟೆಸ್ಟೆಂಟರ ಹಳೆಯ ಶಂಕೆ. ಮೂರು ಮತದಾನ: ಬಂದವರು ಪೌರರಾಗಿ ಓಟು ಹಾಕತೊಡಗಿದೊಡನೆ ನಗರಗಳ ಅಧಿಕಾರ ಕೈಬದಲಾಗುತ್ತದೆಂಬ ಅಂಜಿಕೆ. ಈ ಮೂರೂ ಸೇರಿ ಸ್ಫೋಟಗೊಂಡುದು ಶಾಲೆಯ ವಿಷಯದಲ್ಲಿ.

ಫಿಲಡೆಲ್ಫಿಯದ ಸಾರ್ವಜನಿಕ ಶಾಲೆಗಳಲ್ಲಿ ದಿನವೂ ಪ್ರಾಟೆಸ್ಟೆಂಟರ ಬೈಬಲ್ಲಿನ ಪಾಠವನ್ನು ಓದಿಸುವ ಪದ್ಧತಿಯಿತ್ತು. 1842ರಲ್ಲಿ ಅಲ್ಲಿಯ ಕ್ಯಾಥೊಲಿಕ್ ಬಿಷಪ್ ಫ್ರಾನ್ಸಿಸ್ ಕೆನ್ರಿಕ್, ನಮ್ಮ ಮಕ್ಕಳು ನಮ್ಮ ಬೈಬಲ್ಲನ್ನು ಓದಲು ಅವಕಾಶ ಕೊಡಿರೆಂದು ವಿನಂತಿಸಿದರು. ಈ ಸಣ್ಣ ಬೇಡಿಕೆ ಬಾಯಿಂದ ಬಾಯಿಗೆ ಹೋಗುತ್ತ, ಐರಿಷರು ಶಾಲೆಯಿಂದ ಬೈಬಲ್ಲನ್ನೇ ಹೊರದೂಡುತ್ತಿದ್ದಾರೆಂಬ ಗುಲ್ಲಾಯಿತು. 1844ರ ಮೇ ಮತ್ತು ಜುಲೈ ತಿಂಗಳುಗಳಲ್ಲಿ ನಗರದಲ್ಲಿ ದಂಗೆಗಳೆದ್ದವು. ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ಸೇಂಟ್ ಮೈಕೇಲ್, ಸೇಂಟ್ ಆಗಸ್ಟಿನ್ ಎಂಬ ಎರಡು ಇಗರ್ಜಿಗಳು ಸುಟ್ಟು ಬೂದಿಯಾದವು. ಮುಂದಿನ ದಶಕದಲ್ಲಿ ವಲಸೆಗಾರರ ವಿರುದ್ಧ ಒಂದು ರಾಜಕೀಯ ಪಕ್ಷವೇ ಮೈದಳೆಯಿತು. ಅದರ ಸದಸ್ಯರು ಯಾರು ಕೇಳಿದರೂ ನನಗೇನೂ ತಿಳಿಯದು ಎನ್ನಬೇಕೆಂಬ ಗುಟ್ಟಿನ ನಿಯಮವಿದ್ದುದರಿಂದ ‘ನೋ ನಥಿಂಗ್’ ಪಕ್ಷವೆಂದೇ ಅದಕ್ಕೆ ಹೆಸರಾಯಿತು. ಪೌರತ್ವ ಪಡೆಯಲು 21 ವರ್ಷ ಕಾಯಬೇಕೆಂಬುದು ಅದರ ಬೇಡಿಕೆ. 1854ರಲ್ಲಿ ಅದು ಮ್ಯಾಸಚೂಸೆಟ್ಸ್ ಸಂಸ್ಥಾನದ ಅಧಿಕಾರವನ್ನೇ ಹಿಡಿಯಿತು. 1856ರ ಅಧ್ಯಕ್ಷ ಚುನಾವಣೆಯಲ್ಲಿ ಅದರ ಉಮೇದುವಾರ ಮಿಲರ್ಡ್ ಫಿಲ್ಮೋರ್ ಗೆದ್ದುದು ಮೇರಿಲೆಂಡ್ ಒಂದನ್ನೇ. ಗುಲಾಮಗಿರಿಯ ಪ್ರಶ್ನೆಯ ಬಿರುಗಾಳಿಗೆ ಸಿಕ್ಕಿ ಪಕ್ಷ ಒಡೆದುಹೋಯಿತು. ಆದರೆ ಸಾರ್ವಜನಿಕ ಶಾಲೆಯಲ್ಲಿ ವಿಶ್ವಾಸ ಕಳೆದುಕೊಂಡ ಕ್ಯಾಥೊಲಿಕರು ತಮ್ಮ ಶಾಲೆಗಳನ್ನು ತಾವೇ ಕಟ್ಟಿಕೊಂಡರು. 1884ರಲ್ಲಿ ಬಾಲ್ಟಿಮೋರಿನಲ್ಲಿ ನೆರೆದ ಅವರ ಧರ್ಮಸಭೆ, ಪ್ರತಿಯೊಂದು ಇಗರ್ಜಿಯ ಬಳಿಯೂ ಶಾಲೆಯಿರಬೇಕೆಂದು ವಿಧಿಸಿತು. ಒಂದೇ ಊರಿನ ಮಕ್ಕಳು ಎರಡು ಶಾಲೆಗಳಿಗೆ ಹಂಚಿಹೋದುದಕ್ಕೆ ಹೊಣೆ ಯಾರದೆಂದು ಓದುಗರೇ ವಿಚಾರಿಸಬಹುದು.

1880ರಿಂದೀಚೆಗೆ ವಲಸೆಯ ಸ್ವರೂಪ ಬದಲಾಯಿತು. ಇಟಲಿಯೊಂದರಿಂದಲೇ 1920ರ ವರೆಗೆ ನಲವತ್ತು ಲಕ್ಷಕ್ಕೂ ಮಿಕ್ಕಿ ಜನ ಬಂದರು. ರಷ್ಯದ ಹಿಂಸೆಗೆ ಬೆದರಿ ಯೆಹೂದ್ಯರು ಬಂದರು. 1891ರ ಮಾರ್ಚ್ 14ರಂದು ನ್ಯೂ ಆರ್ಲಿಯನ್ಸಿನಲ್ಲಿ, ಪೊಲೀಸ್ ಮುಖ್ಯಾಧಿಕಾರಿಯ ಕೊಲೆಯ ಆರೋಪದಲ್ಲಿ ಸೆರೆಯಲ್ಲಿದ್ದ 11 ಮಂದಿ ಇಟಲಿಯವರನ್ನು ಜನರ ಗುಂಪು ಸೆರೆಮನೆಗೆ ನುಗ್ಗಿ ಕೊಂದಿತು. ಅದರ ಹಿಂದಿನ ದಿನವಷ್ಟೇ ವಿಚಾರಣೆ ಮುಗಿದು, ಒಬ್ಬನ ಮೇಲೂ ಅಪರಾಧ ಸ್ಥಾಪಿತವಾಗಿರಲಿಲ್ಲ. ಆ ನಗರದ ಮೇಯರು ಇದಕ್ಕಾಗಿ ಕ್ಷಮೆ ಕೇಳಿದ್ದು 2019ರಲ್ಲಿ.

ಈ ಕಾಲದಲ್ಲಿ ದ್ವೇಷಕ್ಕೆ ಪಾಂಡಿತ್ಯದ ವೇಷವೂ ದೊರೆಯಿತು. ಉತ್ತರ ಯೂರೋಪಿನವರು ಉತ್ತಮ ಕುಲದವರು, ದಕ್ಷಿಣ ಮತ್ತು ಪೂರ್ವದವರು ಕೀಳು ಕುಲದವರು ಎಂದು ಮ್ಯಾಡಿಸನ್ ಗ್ರಾಂಟ್ ಎಂಬವನು 1916ರಲ್ಲಿ ಗ್ರಂಥ ಬರೆದನು. ಇಂಥ ಮಿಥ್ಯಾವಾದಗಳ ಬಲದಿಂದಲೇ 1924ರ ವಲಸೆ ಶಾಸನ ಬಂದಿತು. ಒಂದೊಂದು ದೇಶದಿಂದ ವರ್ಷಕ್ಕೆ ಎಷ್ಟು ಜನ ಬರಬಹುದೆಂಬುದನ್ನು, 1890ರ ಜನಗಣತಿಯಲ್ಲಿ ಆ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿದ್ದವರ ಸಂಖ್ಯೆಯ ನೂರಕ್ಕೆ ಎರಡರಂತೆ ಲೆಕ್ಕ ಹಾಕಲಾಯಿತು. 1890ರಲ್ಲಿ ಇಟಲಿಯವರು ಇನ್ನೂ ಕೆಲವರೇ. ಲೆಕ್ಕದ ಜಾಣತನ ಇಲ್ಲಿಯೇ ಇದೆ. 1921ರ ಶಾಸನದಂತೆ 42,000ದಷ್ಟಿದ್ದ ಇಟಲಿಯ ಪಾಲು 3,845ಕ್ಕೆ ಇಳಿಯಿತು.

ಇನ್ನು ಲೇಖನದ ಮುಖ್ಯ ಪ್ರಸಂಗಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ಶಾಲೆಗಳು ಮಧ್ಯ ಅಮೆರಿಕದ ಸಂಸ್ಥಾನಗಳಲ್ಲಿ ಚೆನ್ನಾಗಿ ಬೇರೂರಿದ್ದುವು. 1840ರ ವೇಳೆಗೆ ಒಹಾಯೊ ಸಂಸ್ಥಾನದ ಸಿನ್ಸಿನಾಟಿಯಲ್ಲಿ ಸಾರ್ವಜನಿಕ ಶಾಲೆಗಳೇ ಜರ್ಮನ್ ಮತ್ತು ಇಂಗ್ಲಿಷು ಎರಡರಲ್ಲೂ ಬೋಧಿಸುತ್ತಿದ್ದುವು. 1889ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನವು, ಮುಖ್ಯ ಪಾಠಗಳನ್ನು ಇಂಗ್ಲಿಷಿನಲ್ಲಿ ಕಲಿಸದ ಶಾಲೆ ಶಾಲೆಯೇ ಅಲ್ಲ ಎಂಬರ್ಥದ ‘ಬೆನೆಟ್ ಶಾಸನ’ವನ್ನು ತಂದಾಗ, ಪರಸ್ಪರ ಹೊಂದದ ಜರ್ಮನ್ ಲೂಥರನರೂ ಕ್ಯಾಥೊಲಿಕರೂ ಒಂದಾಗಿ 1890ರ ಚುನಾವಣೆಯಲ್ಲಿ ಗವರ್ನರನನ್ನೇ ಸೋಲಿಸಿದರು, ಮರುವರ್ಷ ಶಾಸನ ರದ್ದಾಯಿತು. ಆಗ ಅವರಿಗೆ ಓಟಿನ ಬಲವಿತ್ತು.

1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿದಾಗ ಆ ಬಲ ಉಡುಗಿತು. ತಲೆಮಾರುಗಳಿಂದ ನೆಲಸಿದ್ದವರೂ ರಾತ್ರೋರಾತ್ರಿ ಶತ್ರುಗಳಾದರು. ಜರ್ಮನರ ಹುದುಗೆಬ್ಬಿಸಿದ ಕೋಸಿನ ಪಲ್ಯಕ್ಕೂ ‘ಸ್ವಾತಂತ್ರ್ಯದ ಕೋಸು’ ಎಂದು ಹೊಸ ಹೆಸರಿಟ್ಟರು! ನಗೆಯ ಮಾತು ಅಲ್ಲಿಗೇ ನಿಲ್ಲಲಿಲ್ಲ. 1918ರ ಏಪ್ರಿಲಿನಲ್ಲಿ ಇಲಿನಾಯ್ ಸಂಸ್ಥಾನದ ಕಾಲಿನ್ಸ್‌ವಿಲ್ಲಿನಲ್ಲಿ ರಾಬರ್ಟ್ ಪ್ರಾಗರ್ ಎಂಬ ಜರ್ಮನ್ ಸಂಜಾತ ಗಣಿಕೆಲಸಗಾರನನ್ನು ಗುಂಪು ಮರಕ್ಕೆ ನೇಣು ಹಾಕಿತು. ಅವನು ಅಮೆರಿಕದ ನೌಕಾಪಡೆಗೆ ಸೇರಲು ಯತ್ನಿಸಿದ್ದವನು. ಆರೋಪಿಗಳಾದ 11 ಮಂದಿಯೂ ಖುಲಾಸೆಯಾದರು. ಮರುತಿಂಗಳು ಅಯೋವದ ಗವರ್ನರು, ಶಾಲೆ, ಇಗರ್ಜಿ, ರೈಲು, ಟೆಲಿಫೋನು ಎಲ್ಲೆಡೆಯೂ ಇಂಗ್ಲಿಷನ್ನುಳಿದು ಬೇರೆ ಮಾತಾಡಕೂಡದೆಂದು ಘೋಷಣೆ ಹೊರಡಿಸಿದನು.

ನೆಬ್ರಾಸ್ಕ ಸಂಸ್ಥಾನದ ಶಾಸನ ಬಂದುದು ಯುದ್ಧ ಮುಗಿದಮೇಲೆ, 1919ರಲ್ಲಿ. ಎಂಟನೆಯ ತರಗತಿ ತೇರ್ಗಡೆಯಾಗದ ಯಾವ ಮಗುವಿಗೂ, ಯಾವ ಶಾಲೆಯಲ್ಲೂ, ಇಂಗ್ಲಿಷಲ್ಲದ ಆಧುನಿಕ ಭಾಷೆಯನ್ನು ಕಲಿಸಕೂಡದೆಂದು ಅದು ವಿಧಿಸಿತು. ಲ್ಯಾಟಿನ್, ಗ್ರೀಕುಗಳಿಗೆ ಅಡ್ಡಿಯಿಲ್ಲ. ಮನೆಯಲ್ಲಿ ಆಡುವ ನುಡಿಗೆ ಮಾತ್ರ ಅಡ್ಡಿ. ಹ್ಯಾಮಿಲ್ಟನ್ ಜಿಲ್ಲೆಯ ಲೂಥರನ್ ಶಾಲೆಯೊಂದರ ಉಪಾಧ್ಯಾಯ ರಾಬರ್ಟ್ ಮೇಯರ್ 1920ರ ಮೇ 25ರಂದು, ಮಧ್ಯಾಹ್ನದ ವಿರಾಮದಲ್ಲಿ, ಹತ್ತು ವರ್ಷದ ಹುಡುಗನೊಬ್ಬನಿಗೆ ಬೈಬಲ್ ಕಥೆಯನ್ನು ಜರ್ಮನಿನಲ್ಲಿ ಓದಿಸುತ್ತಿದ್ದನು. ಇದೇ ಅಪರಾಧ. ದಂಡ 25 ಡಾಲರು. ಮೇಯರ್ ಅದನ್ನು ತೆತ್ತು ಸುಮ್ಮನಾಗಲಿಲ್ಲ. ಸಂಸ್ಥಾನದ ನ್ಯಾಯಾಲಯದಲ್ಲಿ ಸೋತಮೇಲೂ ಮೊಕದ್ದಮೆ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಈ ಲೂಥರನ್ ಉಪಾಧ್ಯಾಯನ ಪರವಾಗಿ ವಾದಿಸಿದವನು ಆರ್ಥರ್ ಮಲ್ಲನ್, ಐರಿಷ್ ಮೂಲದ ಕ್ಯಾಥೊಲಿಕ್ ವಕೀಲ.

1923ರ ಜೂನ್ 4ರಂದು ಏಳು ನ್ಯಾಯಾಧೀಶರ ಬಹುಮತದಿಂದ ತೀರ್ಪು ಮೇಯರನ ಪರವಾಯಿತು. ಶಾಲೆಗಳಲ್ಲಿ ಇಂಗ್ಲಿಷನ್ನು ಕಡ್ಡಾಯವಾಗಿ ಕಲಿಸುವ ಅಧಿಕಾರ ಸಂಸ್ಥಾನಕ್ಕುಂಟೆಂದು ನ್ಯಾಯಾಲಯ ಒಪ್ಪಿತು. ಆದರೆ ಬೇರೊಂದು ಭಾಷೆಯ ಜ್ಞಾನವನ್ನೇ ಅಪಾಯವೆನ್ನಲಾಗದು. ಅದನ್ನು ಕಲಿಸುವ ಹಕ್ಕು ಉಪಾಧ್ಯಾಯನಿಗೂ, ಕಲಿಸಲು ಅವನನ್ನು ನೇಮಿಸಿಕೊಳ್ಳುವ ಹಕ್ಕು ತಂದೆತಾಯಿಗಳಿಗೂ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯ ಸ್ವಾತಂತ್ರ್ಯದಲ್ಲಿ ಅಡಕವಾಗಿದೆ ಎಂದಿತು. ಏಳು ವರ್ಷದ ಗಂಡುಮಕ್ಕಳನ್ನು ಮನೆಯಿಂದ ಸೆಳೆದು ಪಾಳೆಯಗಳಲ್ಲಿ ಬೆಳೆಸುತ್ತಿದ್ದ ಪ್ರಾಚೀನ ಸ್ಪಾರ್ಟದ ಪದ್ಧತಿಯನ್ನು ನೆನಪಿಸಿ, ಅಂಥ ಆದರ್ಶ ಈ ದೇಶದ್ದಲ್ಲವೆಂದೂ ಹೇಳಿತು. ತೀರ್ಪು ಬರೆದ ನ್ಯಾಯಾಧೀಶ ಮೆಕ್‌ರೆನಾಲ್ಡ್ಸ್ ಸ್ವತಃ ಯೆಹೂದ್ಯದ್ವೇಷಿಯೆಂದು ಕುಖ್ಯಾತನು! ಆಳುವ ಮನುಷ್ಯನಿಗಿಂತ ಲಿಖಿತ ಸಂವಿಧಾನ ದೊಡ್ಡದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಎರಡು ವರ್ಷಗಳ ಅನಂತರ, ಮಕ್ಕಳೆಲ್ಲ ಸರಕಾರಿ ಶಾಲೆಗೇ ಹೋಗಬೇಕೆಂದು ಕ್ಯಾಥೊಲಿಕ್ ಶಾಲೆಗಳನ್ನು ಮುಚ್ಚಿಸಹೊರಟ ಆರೆಗನ್ ಸಂಸ್ಥಾನದ ಶಾಸನವೂ ಇದೇ ತತ್ತ್ವದ ಮೇಲೆ ಬಿದ್ದುಹೋಯಿತು.

ತೀರ್ಪು ಗೆದ್ದಿತು, ಭಾಷೆ ಗೆದ್ದಿತೆ? 1915ರಲ್ಲಿ ಅಮೆರಿಕದ ಹೈಸ್ಕೂಲು ವಿದ್ಯಾರ್ಥಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಜರ್ಮನ್ ಓದುತ್ತಿದ್ದರು. 1922ರಲ್ಲಿ ಅವರ ಪ್ರಮಾಣ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ನ್ಯಾಯಾಲಯವು ಹಕ್ಕನ್ನು ಹಿಂದಿರುಗಿಸಬಲ್ಲುದು. ನಾಚಿಕೆಪಡಿಸಿದ ಮಗುವಿನ ನಾಲಗೆಗೆ ಮಾತನ್ನು ಹಿಂದಿರುಗಿಸಲಾರದು. ಲೂಯಿಸಿಯಾನದ ಫ್ರೆಂಚರ ಕಥೆ ಇದನ್ನೇ ಹೇಳುತ್ತದೆ. 1803ರಲ್ಲಿ ಫ್ರಾನ್ಸು ಆ ಪ್ರದೇಶವನ್ನು ಮಾರಿದಾಗ ಅಲ್ಲಿಯವರು ಕದಲದೆಯೇ ಬೇರೆ ದೇಶದವರಾದರು. 1921ರ ಸಂಸ್ಥಾನ ಸಂವಿಧಾನವು ಶಾಲೆಗಳಲ್ಲಿ ಇಂಗ್ಲಿಷನ್ನು ಮಾತ್ರ ಉಳಿಸಿತು. ಆಟದ ಬಯಲಲ್ಲಿ ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆಯಾಯಿತು. ಆ ಮಕ್ಕಳು ಬೆಳೆದು ತಂದೆತಾಯಿಗಳಾದಾಗ, ನಮಗಾದ ಅವಮಾನ ಇವರಿಗೆ ಬೇಡವೆಂದು ತಮ್ಮ ಮಕ್ಕಳೊಡನೆ ಫ್ರೆಂಚ್ ಆಡುವುದನ್ನೇ ಬಿಟ್ಟರು. 1968ರಲ್ಲಿ ಸಂಸ್ಥಾನವೇ ಫ್ರೆಂಚನ್ನು ಉಳಿಸಲು ಮಂಡಲಿಯೊಂದನ್ನು ಸ್ಥಾಪಿಸಬೇಕಾಯಿತು.

ಇಲ್ಲಿ ಎರಡು ಮಾತುಗಳನ್ನು ಮರೆಯಬಾರದು. ಮೊದಲನೆಯದು, ಯೂರೋಪೀಯರ ಕಷ್ಟವನ್ನು ಕರಿಯರ ಕಷ್ಟಕ್ಕೆ ಸಮನೆಂದು ತೂಗಬಾರದು. 1790ರ ಶಾಸನವೇ ಪೌರತ್ವವನ್ನು ಸ್ವತಂತ್ರ ಬಿಳಿಯರಿಗೆ ಮೀಸಲಿಟ್ಟಿತ್ತು. ಐರಿಷನಿಗೂ ಇಟಲಿಯವನಿಗೂ ಆ ಬಾಗಿಲು ಎಂದೂ ಮುಚ್ಚಲಿಲ್ಲ. ನಮ್ಮ ಪಂಜಾಬಿನ ಭಗತ್‌ಸಿಂಗ್ ಥಿಂಡ್ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದರೂ, ಮೇಯರನನ್ನು ಗೆಲ್ಲಿಸಿದ ಅದೇ ನ್ಯಾಯಾಲಯ ಅದೇ 1923ರಲ್ಲಿ ಅವರು ಬಿಳಿಯರಲ್ಲವೆಂದು ಪೌರತ್ವ ನಿರಾಕರಿಸಿತು. ಎರಡನೆಯದು, ಪೆಟ್ಟು ತಿಂದವರೆಲ್ಲ ದಯಾಳುಗಳಾಗಲಿಲ್ಲ. 1863ರಲ್ಲಿ ನ್ಯೂಯಾರ್ಕಿನಲ್ಲಿ ಸೈನ್ಯಭರ್ತಿಯ ವಿರುದ್ಧ ದಂಗೆಯೆದ್ದು ಕರಿಯರನ್ನು ಕೊಂದವರಲ್ಲಿ ಐರಿಷರೇ ಬಹುಮಂದಿ. ಕ್ಯಾಲಿಫೋರ್ನಿಯದಲ್ಲಿ ಚೀಣಿಯರನ್ನು ಹೊರದೂಡಿರೆಂದು ಬೊಬ್ಬಿಟ್ಟ ಡೆನಿಸ್ ಕಿಯರ್ನಿ ಐರ್ಲೆಂಡಿನಲ್ಲೇ ಹುಟ್ಟಿದವನು. ಅತ್ತೆಯ ಕಾಟ ಉಂಡ ಸೊಸೆ ಅತ್ತೆಯಾದಾಗ ಮೃದುವಾಗುವಳೆಂಬ ಭರವಸೆಯಿಲ್ಲ. ಅದಕ್ಕೆ ವಿವೇಕ ಬೇಕು. ಜನಾಂಗದ ಲೆಕ್ಕದ 1924ರ ಪದ್ಧತಿ ಕೊನೆಗೊಂಡುದು 1965ರ ಶಾಸನದಿಂದ.

ಗಡಿಯಾಚೆಯ ಕನ್ನಡಿಗರು ವಲಸೆಗಾರರಲ್ಲ. ಲೂಯಿಸಿಯಾನದವರಂತೆ ಇದ್ದಲ್ಲೇ ಇದ್ದವರು. ನಮಗೆ ಅಂಥ ಹಿಂಸೆಯೂ ಒದಗಿಲ್ಲ, ಅದು ನಮ್ಮ ಪುಣ್ಯ. ಮೇಯರ್ ಕೋರ್ಟಿನಲ್ಲಿ ಗೆಲ್ಲಬೇಕಾದ ಹಕ್ಕನ್ನು ನಮ್ಮ ಸಂವಿಧಾನ ತಾನಾಗಿಯೇ ಬರೆದುಕೊಟ್ಟಿದೆ: 30ನೆಯ ಅನುಚ್ಛೇದ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕನ್ನಿತ್ತಿದೆ; 1956ರಲ್ಲಿ ಸೇರಿಸಿದ 350-ಎ ಅನುಚ್ಛೇದ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಏರ್ಪಾಡು ಮಾಡಲು ರಾಜ್ಯಗಳಿಗೆ ಹೇಳಿದೆ. ಆದರೆ ಜರ್ಮನರ ಭಾಷೆ ಸೊರಗಿದ್ದು ಹಕ್ಕಿನ ಅಭಾವವೊಂದರಿಂದಲೇ ಅಲ್ಲ, ಮಕ್ಕಳ ಅಭಾವದಿಂದ. ಆದ್ದರಿಂದ ಗಡಿನಾಡಿನ ಅಧ್ಯಾಪಕನಿಗೆ ಕರ್ತವ್ಯ ಎರಡು. ರಾಜ್ಯದ ಭಾಷೆಯನ್ನು ಮಕ್ಕಳಿಗೆ ಪ್ರೀತಿಯಿಂದ, ಚೆನ್ನಾಗಿ ಕಲಿಸಬೇಕು. ಮನೆಯ ಮಾತಿಗಾಗಿ ಯಾವ ಮಗುವೂ ತಲೆತಗ್ಗಿಸದಂತೆ ನೋಡಿಕೊಳ್ಳಬೇಕು. ದೂರದೂರಿನಿಂದ ಕೆಲಸಕ್ಕೆಂದು ಬಂದವರ ಮಕ್ಕಳು, ನಮಗೆ ತಿಳಿಯದ ಮಾತಾಡುತ್ತ ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರುವರಷ್ಟೆ. ಆ ಮಕ್ಕಳಿಗೂ ಈ ಎರಡನೆಯ ಮಾತು ಅನ್ವಯಿಸುತ್ತದೆ.