ನಿಮ್ಮ ಮಾತಿನ ಧಾಟಿ ದೋಷವಲ್ಲ: ಬೇರೆ ಊರಿಗೆ ಹೋದವರು ತಿಳಿದಿರಬೇಕಾದ ವಿಜ್ಞಾನ

ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು ಓದಲು ಬೆಂಗಳೂರಿಗೆ ಬರುತ್ತಾಳೆ ಅಂದುಕೊಳ್ಳಿ. ಹಾಸ್ಟೆಲ್‌ನಲ್ಲಿ ಮೊದಲ ದಿನ ಪಕ್ಕದವಳನ್ನು ‘ನಾಷ್ಟಾ ಆತೇನ?’ ಎಂದು ಪ್ರೀತಿಯಿಂದ ಕೇಳುತ್ತಾಳೆ. ಸುತ್ತ ಕೂತವರು ನಗುತ್ತಾರೆ. ‘ಇನ್ನೊಂದ್ಸಲ ಹೇಳು, ಸಖತ್ತಾಗಿದೆ’ ಎನ್ನುತ್ತಾರೆ. ಅವರಿಗೆ ಅದು ತಮಾಷೆ. ಇವಳು ಮಾತ್ರ ಮಾರನೇ ದಿನದಿಂದ ಕ್ಲಾಸಿನಲ್ಲಿ ಪ್ರಶ್ನೆ ಕೇಳುವುದನ್ನೇ ಬಿಡುತ್ತಾಳೆ. ಅರ್ಥವಾಗದಿದ್ದರೂ ಸುಮ್ಮನಿರುತ್ತಾಳೆ. ಊಟಕ್ಕೆ ಒಬ್ಬಳೇ ಹೋಗುತ್ತಾಳೆ.

ಇಂಥ ಕಥೆ ನಿಮ್ಮ ಮನೆಯಲ್ಲೂ ಇರಬಹುದು. ಕುಂದಾಪುರದಿಂದ ಮೈಸೂರಿಗೆ, ಬೀದರ್‌ನಿಂದ ಬೆಂಗಳೂರಿಗೆ, ಮಂಡ್ಯದಿಂದ ದೆಹಲಿಗೆ ಹೋದವರೆಲ್ಲ ಒಂದಲ್ಲ ಒಂದು ದಿನ ತಮ್ಮ ಮಾತಿನ ಬಗ್ಗೆ ನಾಚಿಕೊಂಡಿರುತ್ತಾರೆ. ನಿಜಕ್ಕೂ ನಾಚಿಕೊಳ್ಳುವಂಥದ್ದು ಏನಾದರೂ ಇದೆಯೇ? ಒಂದೊಂದಾಗಿ ನೋಡೋಣ.

ನಂಬಿಕೆ 1: ‘ನಾಲಿಗೆ ಹೊರಳುವುದಿಲ್ಲ, ಅದಕ್ಕೇ ಹಾಗೆ ಮಾತಾಡುತ್ತಾರೆ’

ವಾಸ್ತವ: ನಾಲಿಗೆ ಎಲ್ಲರದ್ದೂ ಒಂದೇ. ವ್ಯತ್ಯಾಸ ಇರುವುದು ಕಿವಿ ಮತ್ತು ಮಿದುಳು ಪಡೆದ ತರಬೇತಿಯಲ್ಲಿ.

ಇದನ್ನು ತೋರಿಸಿಕೊಟ್ಟ, ಕೆನಡಾದ ಸಂಶೋಧಕರ ಪ್ರಸಿದ್ಧ ಅಧ್ಯಯನವೊಂದು 1984ರಲ್ಲಿ ಪ್ರಕಟವಾಯಿತು. ನಮಗೆ ‘ತ’ ಮತ್ತು ‘ಟ’ ಎರಡೂ ಬೇರೆ ಬೇರೆ ಎಂದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಇಂಗ್ಲಿಷ್ ಮನೆಮಾತಿನ ದೊಡ್ಡವರಿಗೆ ಹಿಂದಿಯ ಈ ಎರಡು ಧ್ವನಿಗಳ ನಡುವಿನ ವ್ಯತ್ಯಾಸ ಹಿಡಿಯುವುದು ಬಹಳ ಕಷ್ಟ. ಆದರೆ ಅದೇ ಮನೆಗಳ 6ರಿಂದ 8 ತಿಂಗಳ ಮಕ್ಕಳು ಅದನ್ನು ಸಲೀಸಾಗಿ ಗುರುತಿಸಿದರು. 10ರಿಂದ 12 ತಿಂಗಳಾಗುವಷ್ಟರಲ್ಲಿ ಆ ಸಾಮರ್ಥ್ಯ ಬಹುಮಟ್ಟಿಗೆ ಕುಗ್ಗಿತ್ತು.

ಅಂದರೆ ಮಗುವಿನ ಮಿದುಳು ಒಂದು ವರ್ಷ ತುಂಬುವುದರೊಳಗೆ ತನ್ನ ಸುತ್ತಲಿನ ಮಾತಿಗೆ ಹೊಂದಿಕೊಳ್ಳತೊಡಗುತ್ತದೆ. ಬೇಕಾದ ಧ್ವನಿಗಳನ್ನು ಉಳಿಸಿಕೊಳ್ಳುತ್ತದೆ, ಬೇಡದ ವ್ಯತ್ಯಾಸಗಳನ್ನು ಬದಿಗಿಡುತ್ತದೆ. ಮಾತಿನ ಏರಿಳಿತ, ಎಳೆತ, ಒತ್ತು ಎಲ್ಲವೂ ಬಾಲ್ಯದಲ್ಲೇ ರೂಢಿಯಾಗುತ್ತವೆ. ದೊಡ್ಡವರಾದ ಮೇಲೆ ಹೊಸ ಧಾಟಿ ಪೂರ್ತಿ ಕೂರುವುದು ಕಷ್ಟವಾಗುವುದು ಇದಕ್ಕೇ. ಅದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ.

ನಂಬಿಕೆ 2: ‘ಬೆಂಗಳೂರು–ಮೈಸೂರಿನದೇ ಶುದ್ಧ ಕನ್ನಡ, ಉಳಿದದ್ದು ಕೆಟ್ಟ ಕನ್ನಡ’

ವಾಸ್ತವ: ಇದಕ್ಕೆ ಆಧಾರವಿಲ್ಲ. ‘ಮನೆ’ಗೆ ‘ಮನಿ’, ‘ಬೇಡ’ಕ್ಕೆ ‘ಬ್ಯಾಡ’ ಎನ್ನುವುದು ತಪ್ಪು ಉಚ್ಚಾರವಲ್ಲ, ಒಂದು ಪ್ರದೇಶದ ಜನರೆಲ್ಲ ಪಾಲಿಸುವ ನಿಯಮ. ಅಲ್ಲಿ ‘ತಲೆ’ ‘ತಲಿ’ಯಾಗುತ್ತದೆ, ‘ಕತೆ’ ‘ಕತಿ’ಯಾಗುತ್ತದೆ. ಅದೇ ರೀತಿ ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆ. ಕುಂದಾಪುರದವರ ‘ಹೋಪುದು, ಬಪ್ಪುದು’ ಕೇಳಿ ನಗುವವರು ಒಂದು ವಿಷಯ ಗಮನಿಸಬೇಕು. ಆ ‘ಪ’ಕಾರ ಹಳಗನ್ನಡದಿಂದ ಉಳಿದು ಬಂದದ್ದು.

ಇನ್ನೊಂದು ಸಂಗತಿ ಕೇಳಿ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗ್ರಂಥ 9ನೇ ಶತಮಾನದ ‘ಕವಿರಾಜಮಾರ್ಗ’. ಕನ್ನಡದ ತಿರುಳು ಎಲ್ಲಿದೆ ಎಂದು ಅದು ಹೇಳುವಾಗ ಹೆಸರಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು. ಕಿಸುವೊಳಲು ಎಂದರೆ ಇಂದಿನ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ. ಎಲ್ಲವೂ ಉತ್ತರ ಕರ್ನಾಟಕದ ಊರುಗಳೇ! ಕನ್ನಡಗಳು ಎಷ್ಟೊಂದು ಬಗೆ ಎಂದರೆ ಸಾವಿರ ಹೆಡೆಯ ವಾಸುಕಿಗೂ ಅವುಗಳ ಲೆಕ್ಕ ಸಿಗದೆ ಬೇಸರವಾದೀತು ಎಂಬ ಅರ್ಥದ ಮಾತೂ ಅದರಲ್ಲಿದೆ.

ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲೇ ಕವಿತೆ ಕಟ್ಟಿ ಜ್ಞಾನಪೀಠ ಪಡೆದರು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಮೈಸೂರು ಸೀಮೆಯ ಹಳ್ಳಿಮಾತಿನಲ್ಲಿದೆ. ಯಾವುದು ‘ಶುದ್ಧ’ ಎಂಬುದು ರಾಜಧಾನಿ, ಶಾಲೆ, ಪಠ್ಯಪುಸ್ತಕ, ಸಿನಿಮಾ ಎಲ್ಲಿಂದ ಬರುತ್ತವೆ ಎನ್ನುವುದರ ಮೇಲೆ ನಿಂತ ಭಾವನೆ ಅಷ್ಟೇ.

ಹಾಗಾದರೆ ಜನ ಯಾಕೆ ದೂರ ಇಡುತ್ತಾರೆ?

ಇದಕ್ಕೂ ವಿಜ್ಞಾನದಲ್ಲಿ ಉತ್ತರವಿದೆ. ‘ನಮ್ಮವರು ಯಾರು’ ಎಂದು ಗುರುತಿಸಲು ಮನುಷ್ಯರು ಬಹಳ ಬೇಗ ಮಾತನ್ನು ಬಳಸುತ್ತಾರೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 10 ತಿಂಗಳ ಮಕ್ಕಳು ತಮ್ಮ ಮನೆಮಾತು ಆಡಿದವರ ಕೈಯಿಂದಲೇ ಆಟಿಕೆ ತೆಗೆದುಕೊಳ್ಳಲು ಇಷ್ಟಪಟ್ಟರು. ಸ್ನೇಹಿತರನ್ನು ಆರಿಸಿಕೊಳ್ಳಲು ಹೇಳಿದಾಗ 5 ವರ್ಷದ ಮಕ್ಕಳು ತಮ್ಮದೇ ಧಾಟಿಯಲ್ಲಿ ಮಾತಾಡುವವರನ್ನು ಹೆಚ್ಚಾಗಿ ಆರಿಸಿದರು.

ದೊಡ್ಡವರೂ ಇದಕ್ಕೆ ಹೊರತಲ್ಲ. 2010ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಜನರಿಗೆ ಸಣ್ಣಪುಟ್ಟ ಸಾಮಾನ್ಯಜ್ಞಾನದ ವಾಕ್ಯಗಳನ್ನು ಕೇಳಿಸಿದರು. ‘ಜಿರಾಫೆ ಒಂಟೆಗಿಂತ ಹೆಚ್ಚು ದಿನ ನೀರಿಲ್ಲದೆ ಇರಬಲ್ಲದು’ ಎಂಬಂಥವು. ವಿದೇಶಿ ಧಾಟಿಯಲ್ಲಿ ಹೇಳಿದಾಗ ಅದೇ ವಾಕ್ಯವನ್ನು ಕೇಳುಗರು ಕಡಿಮೆ ನಂಬಿದರು. ಹೇಳುವವರು ಬರೆದುಕೊಟ್ಟದ್ದನ್ನು ಓದುತ್ತಿದ್ದಾರೆ ಅಷ್ಟೇ ಎಂದು ಗೊತ್ತಿದ್ದರೂ ಹೀಗಾಯಿತು. ಪರಿಚಯವಿಲ್ಲದ ಧಾಟಿಯನ್ನು ಅರ್ಥ ಮಾಡಿಕೊಳ್ಳಲು ಮಿದುಳು ಸ್ವಲ್ಪ ಹೆಚ್ಚು ದುಡಿಯಬೇಕು. ಆ ಶ್ರಮವನ್ನು ನಾವು ‘ಈ ಮಾತು ಅಷ್ಟು ನಿಜವಲ್ಲ’ ಎಂದು ತಪ್ಪಾಗಿ ಓದಿಕೊಳ್ಳುತ್ತೇವೆ ಎಂದು ಸಂಶೋಧಕರು ವಿವರಿಸಿದರು.

ಗಮನಿಸಿ: ತೊಂದರೆ ಇರುವುದು ಕೇಳುವವರ ಮಿದುಳಿನ ಲೆಕ್ಕಾಚಾರದಲ್ಲಿ, ಮಾತಾಡುವವರ ಬುದ್ಧಿಯಲ್ಲಿ ಅಲ್ಲ.

ಸಮಾಧಾನದ ಸುದ್ದಿ: ಕಿವಿ ಬೇಗ ಕಲಿಯುತ್ತದೆ

ಹೊಸ ಧಾಟಿಗೆ ಕೇಳುಗರು ಎಷ್ಟು ಬೇಗ ಹೊಂದಿಕೊಳ್ಳುತ್ತಾರೆ ಎಂದು ಅಳೆದು ನೋಡಿದ್ದಾರೆ. 2004ರ ಒಂದು ಅಧ್ಯಯನದ ಪ್ರಕಾರ, ವಿದೇಶಿ ಧಾಟಿಯ ಇಂಗ್ಲಿಷ್ ಕೇಳಿದವರು ಮೊದಲು ನಿಧಾನವಾದರೂ ಒಂದು ನಿಮಿಷದೊಳಗೆ ಬಹುಮಟ್ಟಿಗೆ ಹೊಂದಿಕೊಂಡರು. ಬೇರೆ ದೇಶದವರ ಧಾಟಿಗೇ ಇಷ್ಟು ಸಾಕಾದರೆ, ನಮ್ಮದೇ ಭಾಷೆಯ ಇನ್ನೊಂದು ಧಾಟಿಗೆ ಎಷ್ಟು ಹೊತ್ತು ಬೇಕು?

ಹಾಗಾಗಿ ಊರು ಬಿಟ್ಟು ಬಂದವರು ಮಾಡುವ ದೊಡ್ಡ ತಪ್ಪು ಎಂದರೆ ಮಾತು ಕಡಿಮೆ ಮಾಡುವುದು. ನೀವು ಸುಮ್ಮನಿದ್ದರೆ ಅವರ ಕಿವಿ ಕಲಿಯುವುದೇ ಇಲ್ಲ.

ಏನು ಮಾಡಬಹುದು?

• ಧಾಟಿಯನ್ನು ಬಿಡಬೇಡಿ, ವೇಗ ಸ್ವಲ್ಪ ತಗ್ಗಿಸಿ. ಮೊದಲ ಕೆಲವು ವಾಕ್ಯಗಳಿಗೆ ಅಷ್ಟು ಸಾಕು.

• ಗೊಂದಲ ಮಾಡುವ ಪದಗಳನ್ನು ಮಾತ್ರ ಬದಲಿಸಿ. ‘ಅದನ್ನ ಒಗಿ’ ಎಂದರೆ ಧಾರವಾಡದಲ್ಲಿ ಎಸೆ ಎಂದರ್ಥ. ಬೆಂಗಳೂರಿನವರು ಅದನ್ನು ಬಟ್ಟೆಯ ಜೊತೆ ನೆನೆಹಾಕಿಯಾರು!

• ಮರ್ಯಾದೆಯ ಪದಗಳನ್ನು ಗಮನಿಸಿ. ಉತ್ತರದಲ್ಲಿ ‘ರೀ’ ಗೌರವ, ಆದರೆ ಬೆಂಗಳೂರಿನ ಕೆಲವರಿಗೆ ‘ಏನ್ರೀ’ ಜಗಳದ ದನಿಯಂತೆ ಕೇಳಿಸಬಹುದು. ಬೆಂಗಳೂರಿನ ‘ಏನ್ ಗುರು’ ಹುಬ್ಬಳ್ಳಿಯ ಹಿರಿಯರಿಗೆ ಉಡಾಫೆ ಅನ್ನಿಸಬಹುದು. ಒಮ್ಮೆ ಬಾಯಿಬಿಟ್ಟು ಹೇಳಿದರೆ ಮುಗಿಯಿತು: ‘ನಮ್ಮ ಕಡೆ ಇದು ಮರ್ಯಾದೆ.’

• ಗುಂಪಿಗಿಂತ ಮೊದಲು ಒಬ್ಬರ ಜೊತೆ ಮಾತು ಬೆಳೆಸಿ. ಒಟ್ಟಿಗೆ ಕೆಲಸ ಮಾಡುವಾಗ, ಅಡುಗೆ ಮಾಡುವಾಗ, ಆಡುವಾಗ ಯಾರೂ ಧಾಟಿಯನ್ನು ಲೆಕ್ಕ ಇಡುವುದಿಲ್ಲ.

• ಎರಡೂ ಧಾಟಿ ಇಟ್ಟುಕೊಳ್ಳಿ. ಆಫೀಸಿನಲ್ಲಿ ಒಂದು ರೀತಿ, ಅವ್ವನ ಜೊತೆ ಫೋನಿನಲ್ಲಿ ಇನ್ನೊಂದು ರೀತಿ ಮಾತಾಡುವುದು ನಾಟಕವಲ್ಲ. ಎದುರಿಗಿರುವವರಿಗೆ ತಕ್ಕಂತೆ ಮಾತು ಹೊಂದಿಸುವುದು ಮನುಷ್ಯರ ಸಹಜ ಗುಣ ಎಂದು ಭಾಷಾ ಸಂಶೋಧಕರು 1970ರ ದಶಕದಿಂದಲೂ ಹೇಳುತ್ತಿದ್ದಾರೆ.

ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ?

ಮಾತು ‘ತಿದ್ದಲು’ ಬಜೆ ಹಚ್ಚಬೇಕೆಂಬ ನಂಬಿಕೆ ನಮ್ಮಲ್ಲಿದೆ. ಧಾಟಿ ನಾಲಿಗೆಯ ರೋಗವೇ ಅಲ್ಲದ ಮೇಲೆ ಅದಕ್ಕೆ ಔಷಧವೂ ಬೇಕಿಲ್ಲ. ಮಕ್ಕಳಿಗಂತೂ ವೈದ್ಯರನ್ನು ಕೇಳದೆ ಬಜೆ ಕೊಡಬೇಡಿ. ಅದರಲ್ಲಿರುವ ಒಂದು ರಾಸಾಯನಿಕದ ಕಾರಣಕ್ಕೆ ಅಮೆರಿಕ 1968ರಲ್ಲೇ ಆಹಾರದಲ್ಲಿ ಅದರ ಬಳಕೆ ನಿಷೇಧಿಸಿದೆ. ಆದರೆ ತೊದಲು, ಮಾತು ತಡವಾಗುವುದು, ಮನೆಯವರಿಗೂ ಮಾತು ಅರ್ಥವಾಗದಿರುವುದು ಧಾಟಿಯಲ್ಲ. ಅದಕ್ಕೆ ವಾಕ್-ಶ್ರವಣ ತಜ್ಞರನ್ನು ಕಾಣಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ.

ಕೊನೆಗೆ, ಕೇಳುವವರಿಗೆ ಒಂದು ಮಾತು

‘ಇನ್ನೊಂದ್ಸಲ ಹೇಳು’ ಎಂದು ನಗಿಸಿಕೊಳ್ಳುವ ಮೊದಲು ಯೋಚಿಸಿ. ನಿಮಗೆ ಅದು ಒಂದು ನಿಮಿಷದ ತಮಾಷೆ, ಅವರಿಗೆ ಇಡೀ ವರ್ಷದ ಮೌನವಾಗಬಹುದು. ಅದೇ ಒಂದು ನಿಮಿಷ ಗಮನವಿಟ್ಟು ಕೇಳಿದರೆ ನಿಮ್ಮ ಕಿವಿ ಆ ಧಾಟಿಯನ್ನು ಕಲಿತುಬಿಡುತ್ತದೆ. ಹಾಸ್ಟೆಲ್‌ನಲ್ಲಿ, ಹೊಸ ಕೆಲಸದಲ್ಲಿ, ಹೊಸ ಊರಿನಲ್ಲಿ ಇರುವ ನಿಮ್ಮವರಿಗೆ ಇದನ್ನು ಕಳಿಸಿ. ಅವರ ಜೊತೆ ಇರುವವರಿಗೂ ಕಳಿಸಿ.