ಕನ್ನಡಿಗರು ಕಟ್ಟಿದ ಮಾಲ್ಗುಡಿ ಹಿಂದಿ ಮಾತಾಡಿದ್ದು ಯಾಕೆ?

ಶಂಕರ್‌ನಾಗ್ ಅಂದ ತಕ್ಷಣ ನಮ್ಮ ತಲೆಮಾರಿಗೆ ನೆನಪಾಗೋದು ಎರಡು. ಒಂದು, ಆಟೋಗಳ ಹಿಂದಿನ ಸ್ಟಿಕ್ಕರ್. ಇನ್ನೊಂದು, ಪ್ರತಿ ಸೆಪ್ಟೆಂಬರ್ 30ಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ 'ಬೆಂಗಳೂರಿಗೆ ಮೆಟ್ರೋ ಕನಸು ಕಂಡವರು' ಅನ್ನೋ ಪೋಸ್ಟ್. ಎರಡರಲ್ಲೂ ತಪ್ಪೇನಿಲ್ಲ. ಆದರೆ ಹೀರೋ ಮತ್ತು ಕನಸುಗಾರ ಇಬ್ಬರ ನಡುವೆ ಒಬ್ಬ ನಿರ್ದೇಶಕ ಮರೆಯಾಗಿಬಿಟ್ಟಿದ್ದಾರೆ. ನಾಟಕದಲ್ಲಿ ಪಳಗಿ, ಟಿವಿಯಲ್ಲಿ ದೇಶಕ್ಕೇ ಗೊತ್ತಾದ ನಿರ್ದೇಶಕ.

ಆ ನಿರ್ದೇಶಕನ ಕೆಲಸವನ್ನು ಸ್ವಲ್ಪ ಗಮನಿಸಿದರೆ ಒಂದು ವಿಚಿತ್ರ ಕಾಣುತ್ತೆ. 'ಮಾಲ್ಗುಡಿ ಡೇಸ್' ನಿರ್ದೇಶಿಸಿದ್ದು ಕನ್ನಡಿಗ. ಚಿತ್ರೀಕರಣ ಆಗಿದ್ದು ಬಹುಪಾಲು ಆಗುಂಬೆಯಲ್ಲಿ. ಕ್ಯಾಮೆರಾ ಹಿಡಿದವರು ಎಸ್. ರಾಮಚಂದ್ರ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಬೇರೆ ಬೇರೆ ಕತೆಗಳಲ್ಲಿ ಅನಂತ್‌ನಾಗ್, ವಿಷ್ಣುವರ್ಧನ್. ಇಷ್ಟೆಲ್ಲ ಇದ್ದೂ ಮಾಲ್ಗುಡಿ ಮಾತಾಡಿದ್ದು ಹಿಂದಿ. ಯಾಕೆ?

ಮೊದಲು ತಂಡ, ಆಮೇಲೆ ಕ್ಯಾಮೆರಾ

ಶಂಕರ್ ಹುಟ್ಟಿದ್ದು 1954ರಲ್ಲಿ, ಹೊನ್ನಾವರದ ಕಡೆಯವರು. ಬೆಳೆದದ್ದು ಮುಂಬೈಯ ಮರಾಠಿ ರಂಗಭೂಮಿಯಲ್ಲಿ. ಸಂಗಾತಿ ಅರುಂಧತಿ ಸಿಕ್ಕಿದ್ದೂ ಅಲ್ಲಿನ ನಾಟಕದ ವಲಯದಲ್ಲೇ. 1978ರಲ್ಲಿ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರ ಅವರನ್ನು ಕನ್ನಡಕ್ಕೆ ಕರೆತಂತು. ಆಮೇಲೆ ಬರೀ 12 ವರ್ಷದಲ್ಲಿ ಎಂಬತ್ತಕ್ಕೂ ಹೆಚ್ಚು ಸಿನಿಮಾ.

ಈ ಸಿನಿಮಾ ಧಾವಂತದ ಮಧ್ಯೆಯೇ ಅರುಂಧತಿ ಜೊತೆ ಸೇರಿ 'ಸಂಕೇತ್' ನಾಟಕ ತಂಡ ಕಟ್ಟಿದರು. 'ಅಂಜುಮಲ್ಲಿಗೆ', 'ಸಂಧ್ಯಾಛಾಯಾ', ಕೊನೆಗೆ 'ನಾಗಮಂಡಲ' ಇವೆಲ್ಲ ಸಂಕೇತ್ ರಂಗಕ್ಕೆ ತಂದ ನಾಟಕಗಳು. ಶೂಟಿಂಗ್ ಮುಗಿಸಿ ಬಂದ ಸ್ಟಾರ್ ರಾತ್ರಿ ರಿಹರ್ಸಲ್‌ಗೆ ಕೂರೋದು ಲೆಕ್ಕಾಚಾರದ ಪ್ರಕಾರ ನಷ್ಟದ ವ್ಯವಹಾರ. ಆದರೆ ರಿಹರ್ಸಲ್ ಕೋಣೆಯಲ್ಲಿ ತಯಾರಾಗೋದು ನಾಟಕ ಮಾತ್ರ ಅಲ್ಲ. ಒಬ್ಬರ ಸಂಭಾಷಣೆ ಇನ್ನೊಬ್ಬರಿಗೆ ಬಾಯಿಪಾಠ, ಇವತ್ತು ನಟಿಸಿದವರು ನಾಳೆ ಲೈಟು ಹೊರುತ್ತಾರೆ. ಎಂಜಿನಿಯರಿಂಗ್ ಓದಿದ ನನ್ನಂಥವರ ಭಾಷೆಯಲ್ಲಿ ಹೇಳೋದಾದ್ರೆ, ಎದುರಿಗೆ ಕಾಣೋದು ಪ್ರದರ್ಶನ, ಕೆಳಗೆ ಗಟ್ಟಿಯಾಗ್ತಾ ಇದ್ದದ್ದು ಪಾಯ.

ಸಿನಿಮಾ ನಿರ್ದೇಶನದಲ್ಲೂ ಅದೇ ಸ್ವಭಾವ. 1985ರ 'ಆಕ್ಸಿಡೆಂಟ್' ನೋಡಿಲ್ಲದಿದ್ದರೆ ನೋಡಿ. ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ರಾಜಕಾರಣಿಯ ಮಗ ಕಾರು ಹತ್ತಿಸುತ್ತಾನೆ, ಅಧಿಕಾರ ಅದನ್ನು ಮುಚ್ಚಿಹಾಕೋಕೆ ಹೊರಡುತ್ತೆ. ಇವತ್ತಿನ ಸುದ್ದಿಯ ಹಾಗೇ ಇದೆ, ಅಲ್ವಾ? ಕನ್ನಡ ಸಿನಿಮಾದ ರೆಕಾರ್ಡಿಂಗ್‌ಗೆ ಮದ್ರಾಸಿಗೆ ಓಡುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ 'ಸಂಕೇತ್ ಎಲೆಕ್ಟ್ರಾನಿಕ್ಸ್' ಸ್ಟುಡಿಯೋ ತೆರೆದದ್ದೂ ಇವರೇ. ನಟ, ತಂಡ, ತಂತ್ರಜ್ಞಾನ ಮೂರೂ ಇಲ್ಲೇ ಇರಬೇಕು ಅನ್ನೋ ಹಟ ಅದು.

ಊರು ವಾಪಸ್ ಬಂತು

ಆರ್.ಕೆ. ನಾರಾಯಣ್ ಅವರಿಗೆ ಕ್ಯಾಮೆರಾ ಕಂಡರೆ ಭಯ ಪಡೋಕೆ ಕಾರಣ ಇತ್ತು. ಅವರ 'ದಿ ಗೈಡ್' 1965ರಲ್ಲಿ ಹಿಂದಿ ಸಿನಿಮಾ ಆದಾಗ ಕತೆ ಮಾಲ್ಗುಡಿ ಬಿಟ್ಟು ರಾಜಸ್ಥಾನದ ಕಡೆ ಹೋಗಿತ್ತು. ಆ ಬೇಸರವನ್ನು ನಾರಾಯಣ್ ಲೇಖನವಾಗಿಯೇ ಬರೆದರು. ತಾವೇ ಕಲ್ಪಿಸಿಕೊಂಡ ಊರನ್ನು ಬೇರೆಯವರು ಎತ್ತಿಕೊಂಡು ಹೋದರೆ ಬೇಸರ ಆಗದೆ ಇರುತ್ತಾ?

ನಿರ್ಮಾಪಕ ಟಿ.ಎಸ್. ನರಸಿಂಹನ್ ಜೊತೆ ಶಂಕರ್ ಮಾಡಿದ ಮೊದಲ ಒಳ್ಳೆಯ ಕೆಲಸ, ಊರನ್ನು ದಕ್ಷಿಣಕ್ಕೆ ವಾಪಸ್ ತಂದದ್ದು. ಆಗುಂಬೆಯ ದೊಡ್ಡಮನೆ ಸ್ವಾಮಿಯ ಮನೆಯಾಯ್ತು. ಊರಿನ ವೃತ್ತದಲ್ಲಿ ಬ್ರಿಟಿಷ್ ಅಧಿಕಾರಿಯ ಪ್ರತಿಮೆ ಎದ್ದು ನಿಂತಿತು. ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣ ಮಾಲ್ಗುಡಿ ಸ್ಟೇಷನ್ ಆಯ್ತು, ಈಗ ಅಲ್ಲಿ ರೈಲ್ವೆಯವರೇ ಮಾಡಿದ ಮಾಲ್ಗುಡಿ ಮ್ಯೂಸಿಯಂ ಇದೆ. ಆರ್.ಕೆ. ಲಕ್ಷ್ಮಣ್ ರೇಖಾಚಿತ್ರ, ಎಲ್. ವೈದ್ಯನಾಥನ್ ಸಂಗೀತ ಸೇರಿ 1986ರಲ್ಲಿ ದೂರದರ್ಶನದಲ್ಲಿ ಶುರುವಾದದ್ದು ಇಡೀ ದೇಶದ ಬಾಲ್ಯದ ನೆನಪಾಗಿ ಉಳಿಯಿತು.

ಇಲ್ಲಿ ನಾಟಕದ ಅನುಭವ ಹೇಗೆ ಕೆಲಸ ಮಾಡಿತು ನೋಡಿ. ಹೆಚ್ಚಿನ ಕತೆಗಳು ಒಂದೇ ಕಂತಿನಲ್ಲಿ ಮುಗಿಯಬೇಕು. ಅಂದರೆ ಪಾತ್ರ ಬಾಗಿಲು ದಾಟಿ ಒಳಗೆ ಬಂದ ಕ್ಷಣವೇ ಅದು ಯಾರು ಅಂತ ಗೊತ್ತಾಗಬೇಕು. ರಂಗದಲ್ಲಿ ಪಳಗಿದ ನಟರಿಗೆ ಇದು ಹೇಳಿಕೊಡಬೇಕಾದ ವಿದ್ಯೆ ಅಲ್ಲ. ತಂಡ ಮೊದಲೇ ಇದ್ದುದರಿಂದ ಧಾರಾವಾಹಿ ಸಾಧ್ಯವಾಯ್ತು.

ಮಾತು ಮಾತ್ರ ಬರಲಿಲ್ಲ

ಈಗ ಆ 'ಯಾಕೆ'ಗೆ ಬರೋಣ. ಉತ್ತರ ಕಲೆಯಲ್ಲಿಲ್ಲ, ದುಡ್ಡು ಮತ್ತು ಪರದೆಯಲ್ಲಿದೆ.

1982ರಲ್ಲಿ ದೂರದರ್ಶನ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. 1984ರ 'ಹಮ್ ಲೋಗ್' ನಂತರ ಪ್ರಾಯೋಜಿತ ಧಾರಾವಾಹಿಗಳ ಕಾಲ ಬಂತು. ಲೆಕ್ಕ ಸರಳ. ನಿರ್ಮಾಪಕ ಜಾಹೀರಾತುದಾರನನ್ನು ಹುಡುಕಬೇಕು. ಇಡೀ ದೇಶ ನೋಡುವ ಹೊತ್ತು ಸಿಕ್ಕರೆ ಜಾಹೀರಾತುದಾರ ದುಡ್ಡು ಹಾಕುತ್ತಾನೆ. ಆ ಹೊತ್ತು ಇರೋದು ದಿಲ್ಲಿಯ ಕೈಯಲ್ಲಿ, ಅದರ ಭಾಷೆ ಹಿಂದಿ, ಇಲ್ಲವೇ ಇಂಗ್ಲಿಷ್. ಬೆಂಗಳೂರು ದೂರದರ್ಶನ ಕೇಂದ್ರ ಆಗ ಇನ್ನೂ ಎಳೆಯದು, ಕನ್ನಡಕ್ಕೆ ಸಿಗುತ್ತಿದ್ದದ್ದು ದಿನದ ಕೆಲವೇ ಗಂಟೆ. ಖಾಸಗಿ ಕನ್ನಡ ಚಾನೆಲ್ ಆಗಿ ಉದಯ ಟಿವಿ ಬಂದದ್ದು 1994ರಲ್ಲಿ, ಶಂಕರ್ ತೀರಿಕೊಂಡು ನಾಲ್ಕು ವರ್ಷದ ಮೇಲೆ.

ಹಾಗಾಗಿ ಮಾಲ್ಗುಡಿ ಹಿಂದಿಯಲ್ಲಿ ತಯಾರಾಯ್ತು, ಕೆಲವು ಕಂತುಗಳು ಇಂಗ್ಲಿಷಿನಲ್ಲೂ. ಕನ್ನಡಕ್ಕೆ ಡಬ್ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಕನ್ನಡಕ್ಕೆ ಡಬ್ಬಿಂಗ್ ಬೇಡ ಅನ್ನೋ ಅಘೋಷಿತ ನಿಷೇಧ ಆಗ ನಮ್ಮ ಚಿತ್ರರಂಗದಲ್ಲೇ ಇತ್ತು. ಅದನ್ನು ದಿಲ್ಲಿ ಹೇರಿರಲಿಲ್ಲ, ನಾವೇ ಹಾಕಿಕೊಂಡ ಬೇಲಿ ಅದು. ಆಗುಂಬೆಯ ಮಕ್ಕಳು ತಮ್ಮದೇ ಬೀದಿಯ ಕತೆಯನ್ನು ಕನ್ನಡದಲ್ಲಿ ಕೇಳೋಕೆ ದಶಕಗಳೇ ಬೇಕಾದವು.

'ಕಲೆಗೆ ಭಾಷೆ ಇಲ್ಲ, ಹಿಂದಿಯಲ್ಲಿ ಮಾಡಿದ್ದಕ್ಕೇ ದೇಶ ನೋಡಿತು' ಅನ್ನೋ ವಾದ ಇದೆ. ಅರ್ಧ ನಿಜ. ಶಂಕರ್ ಹಿಂದಿ ಆರಿಸಿಕೊಂಡದ್ದು ತಪ್ಪಲ್ಲ. ಮರಾಠಿಯಲ್ಲಿ ಬೆಳೆದು ಕನ್ನಡದಲ್ಲಿ ನೆಲೆ ನಿಂತ ಮನುಷ್ಯನಿಗೆ ಭಾಷೆಗಳ ಮಧ್ಯೆ ಗೋಡೆ ಇರಲಿಲ್ಲ. ಆದರೆ ಆಯ್ಕೆ ಅನ್ನಬೇಕಾದರೆ ಕಡೇಪಕ್ಷ ಎರಡು ದಾರಿ ಇರಬೇಕು. ಅದೇ ದುಡ್ಡು, ಅದೇ ಹೊತ್ತು ಕನ್ನಡಕ್ಕೂ ಸಿಗುತ್ತಿದ್ದು, ಆಮೇಲೂ ಹಿಂದಿ ಆರಿಸಿಕೊಂಡಿದ್ದರೆ ಅದು ಆಯ್ಕೆ. ಸಾರ್ವಜನಿಕ ತೆರಿಗೆಯಲ್ಲಿ ನಡೆಯುವ ಸಂಸ್ಥೆ ಒಂದೇ ದಾರಿ ಕೊಟ್ಟಿತ್ತು. 'ಹಿಂದಿ ಹೇರಿಕೆ' ಅಂದರೆ ನಮಗೆ ಬ್ಯಾಂಕ್ ಚಲನ್, ಮೆಟ್ರೋ ಬೋರ್ಡು ನೆನಪಾಗುತ್ತೆ. ಯಾರೂ ಆದೇಶ ಹೊರಡಿಸದೆ, ಬಜೆಟ್ ಮತ್ತು ಪ್ರಸಾರದ ಸಮಯದ ಮೂಲಕವೂ ಅದು ನಡೆಯುತ್ತೆ.

ಈಗ ದಿಲ್ಲಿ ಇಲ್ಲ, ಆದರೂ

ಇದು ಹಳೇ ಕತೆ ಅಂದುಕೊಳ್ಳಬೇಡಿ. ಕರಾವಳಿಯ ಕತೆಗಳ 'ಏಕಂ' ವೆಬ್ ಸರಣಿಯಲ್ಲಿ ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಇದ್ದರು. ಹಿಂದೆ ರಕ್ಷಿತ್ ಶೆಟ್ಟಿ ಸಂಸ್ಥೆ ಇತ್ತು. ಇಷ್ಟಿದ್ದೂ ಯಾವ ಒಟಿಟಿಯೂ ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಂಡವೇ ಸ್ವಂತ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿತು. 2025ರಲ್ಲಿ ಝೀ5ರ 'ಅಯ್ಯನ ಮನೆ' ಬಂದಾಗ ಒಂದು ಬಾಗಿಲು ತೆರೀತು, ನಿಜ. ಆದರೆ ಮಲಯಾಳಂ, ತಮಿಳು ಸರಣಿಗಳ ಪಕ್ಕ ಇಟ್ಟು ನೋಡಿದರೆ ನಮ್ಮ ಸಾಲು ಎಷ್ಟು ಚಿಕ್ಕದು ಅಂತ ನಿಮಗೇ ಗೊತ್ತು.

ಪ್ರತಿಭೆ ಇಲ್ಲ ಅನ್ನೋ ನೆಪವನ್ನು ಆಗುಂಬೆ 1986ರಲ್ಲೇ ಸುಳ್ಳು ಮಾಡಿದೆ. ಕೊರತೆ ಇರೋದು ಪರದೆಯ ಮೇಲಿನ ಹಕ್ಕಿನಲ್ಲಿ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತವಾದಾಗ ಶಂಕರ್‌ಗೆ 35 ವರ್ಷ. ಅರುಂಧತಿ ನಾಗ್ ಆಮೇಲೆ ಮೊಂಡುಹಟ ಹಿಡಿದು 2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ತೆರೆದರು. ಕನ್ನಡ ನಾಟಕಕ್ಕೆ ದಿಲ್ಲಿ, ಮುಂಬೈಯ ಅನುಮತಿ ಕೇಳಬೇಕಿಲ್ಲದ ಒಂದು ವೇದಿಕೆ ಹಾಗೆ ಸಿಕ್ಕಿತು. ಟಿವಿಗೆ, ವೆಬ್‌ಗೆ ಅಂಥದ್ದು ನಮ್ಮ ಹತ್ತಿರ ಇನ್ನೂ ಇಲ್ಲ. ಸಬ್ಸಿಡಿ, ಫಿಲಂ ಸಿಟಿ ಅಂತ ಸರ್ಕಾರ ಮಾತಾಡುವಾಗಲೆಲ್ಲ ನಾವು ಕೇಳಬೇಕಾದ್ದು ಇದೊಂದೇ: ಶೂಟಿಂಗ್‌ಗೆ ಜಾಗ ಕೊಡ್ತೀರಿ ಸರಿ, ತೋರಿಸೋಕೆ ಜಾಗ ಎಲ್ಲಿ?