ಮಲೆನಾಡಿನಲ್ಲಿ ಮಗ್ಗದ ಕಾಯಕ

ಶರಣರ ಹೆಸರುಗಳೊಡನೆ ಅವರ ಕಸುಬುಗಳೂ ಉಳಿದುಬಂದಿವೆ. ಜೇಡರ ದಾಸಿಮಯ್ಯ ನೇಕಾರ. ನುಲಿಯ ಚಂದಯ್ಯ ಹುಲ್ಲಿನ ಹಗ್ಗ ಹೊಸೆಯುವವನು. ಹಗ್ಗವನ್ನು ಮಾರಿ ಬಂದ ಹಣದಿಂದಲೇ ಚಂದಯ್ಯನ ದಾಸೋಹ ನಡೆಯುತ್ತಿತ್ತೆಂದು ಶರಣಚರಿತೆಗಳು ಹೇಳುತ್ತವೆ. ಕಾಯಕದಲ್ಲಿ ಸಂತೆಯೂ ಸೇರಿತ್ತೆಂಬ ಈ ಅಂಶವನ್ನು ವ್ಯಾಖ್ಯಾನಕಾರರು ಅಷ್ಟಾಗಿ ಗಮನಿಸುವುದಿಲ್ಲ.

ಶ್ರೀಧರಸ್ವಾಮಿಗಳ ಆಶ್ರಮದಿಂದ ಹೆಸರಾದ ವರದಹಳ್ಳಿಯಿರುವ ಸಾಗರ ತಾಲ್ಲೂಕಿನಲ್ಲಿಯೇ, ಹೆಗ್ಗೋಡಿನ ಸಮೀಪ, ಭೀಮನಕೋಣೆಯಿದೆ. ಸಾಗರದ ಗುಡಿಗಾರರಿಗೆ ಗಂಧದ ಕೆತ್ತನೆಯು ವಂಶದ ವಿದ್ಯೆ. ಅಡಕೆ, ಬತ್ತಗಳ ಈ ಸೀಮೆಯ ಹೆಣ್ಣುಮಕ್ಕಳಿಗೆ ನೇಯ್ಗೆ ಹಾಗಿರಲಿಲ್ಲ. ರಂಗನಿರ್ದೇಶಕ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಹುಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘವು ಅವರ ಕೈಗೆ ಲಾಳಿಯನ್ನು ಕೊಟ್ಟಿತು.

ಹಾಸನ್ನು ಬಿಗಿಯಾಗಿ ಹೂಡುವುದನ್ನೂ, ಕಡಿದ ಎಳೆಯನ್ನು ಸೇರಿಸುವುದನ್ನೂ, ಹೊಕ್ಕನ್ನು ಸಮನಾಗಿ ಬಡಿಯುವುದನ್ನೂ ಬಲ್ಲವರ ಪಕ್ಕದಲ್ಲಿ ಕುಳಿತು, ಕೆಡಿಸಿ, ಬಿಚ್ಚಿ, ಮತ್ತೆ ಕಲಿಯಬೇಕು. ಬಣ್ಣದ ಕೆಲಸಕ್ಕೆ ಮಾತ್ರ ಊರಿನ ಅರಿವೇ ನೆರವಾಯಿತು. ಹಸಿ ಅಡಕೆಯನ್ನು ಬೇಯಿಸಿದಾಗ ಉಳಿಯುವ ಚೊಗರು ಬಟ್ಟೆಗೆ ತಗುಲಿದರೆ ಬಿಡದೆಂಬುದು ತೋಟದ ಮನೆಯವರಿಗೆಲ್ಲ ಗೊತ್ತು. ಒಗೆಯುವವರು ಬೈದುಕೊಳ್ಳುವ ಆ ಕರೆಯೇ ಇಲ್ಲಿ ನೂಲಿನ ಕೆಂಗಂದು ಬಣ್ಣವಾಯಿತು.

ಕೈಕಸುಬನ್ನು ಕಲಿಸುವ ಯೋಜನೆಗಳು ಹಲವು ಕಡೆ ಪ್ರಮಾಣಪತ್ರದೊಡನೆ ಮುಗಿದುಹೋಗುತ್ತವೆ. ಇಲ್ಲಿ ಹಾಗಾಗಲಿಲ್ಲ, ನೇಯ್ದ ಬಟ್ಟೆಯನ್ನು ಪಟ್ಟಣಗಳಲ್ಲಿ ಮಾರುವ ಹೊರೆಯನ್ನು ‘ದೇಸಿ’ ಮಳಿಗೆಗಳು ಹೊತ್ತವು. ಆದಕಾರಣವೇ ಕಲಿತವರು ಊರು ಬಿಡದೆ ದುಡಿಯುವುದು ಸಾಧ್ಯವಾಯಿತು. ಈ ಆಸರೆ ಎಷ್ಟು ಮುಖ್ಯವೆಂಬುದು 2020ರಲ್ಲಿ ತಿಳಿಯಿತು. ಕೊರೊನಾ ಕಾಲದಲ್ಲಿ ವ್ಯಾಪಾರ ಕುಸಿದು ಸಂಘವು ತೀವ್ರ ಹಣಕಾಸಿನ ಸಂಕಟಕ್ಕೆ ಸಿಲುಕಿದಾಗ, ಪಳಗಿದ ಕೈಗಳೆಲ್ಲ ಊರಿನಲ್ಲಿಯೇ ಇದ್ದವು.